ತೇಲುವ ಗೊಂಚಲು

ನಾನು ನೋಡಿಕೊಳ್ಳುತ್ತಿದ್ದ ಕೋಶಗಳು ಫ್ಲಾಸ್ಕಿನ ತಳಕ್ಕೆ ಅಂಟುತ್ತಿರಲಿಲ್ಲ. ಪ್ರಯೋಗಾಲಯದ ಉಳಿದ ಕೋಶಗಳೆಲ್ಲ ಪ್ಲಾಸ್ಟಿಕ್ಕಿನ ನೆಲಕ್ಕೆ ಕಾಲೂರಿ ಹಾಸಿಕೊಂಡು ಬೆಳೆಯುತ್ತಿದ್ದವು. ಇವು ಮಾತ್ರ ನಸುಗೆಂಪು ದ್ರವದಲ್ಲಿ ಒಂದಕ್ಕೊಂದು ಕಚ್ಚಿಕೊಂಡು ಗೊಂಚಲಾಗಿ ತೇಲುತ್ತಿದ್ದವು. ನಾನು ದ್ರಾಕ್ಷಿ ಬೆಳೆಯುವ ಮನೆಯವಳು. ಸೂಕ್ಷ್ಮದರ್ಶಕದಲ್ಲಿ ಮೊದಲ ಸಲ ನೋಡಿದಾಗ ನಮ್ಮ ಪಡಕವೇ, ಬಳ್ಳಿ ಹಬ್ಬಿಸಿದ ಆ ಚಪ್ಪರವೇ, ನೆನಪಾಯಿತು. ಯಾರಿಗೂ ಹೇಳಲಿಲ್ಲ.

ಅವು ತೊಂಬತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಪುಣೆಯ ಪ್ರಯೋಗಾಲಯವೊಂದಕ್ಕೆ ಸಂಶೋಧನೆಗೆಂದು ಸೇರಿದ್ದೆ. ನನ್ನ ಪಾಲಿಗೆ ಬಂದದ್ದು ಹೊರದೇಶದಿಂದ ತರಿಸಿದ ಒಂದು ಸೆಲ್ ಲೈನ್. ಯಾರದೋ ಮೈಮೇಲಿನ ಗಂಟಿನಿಂದ ತೆಗೆದ ಕೋಶಗಳ ವಂಶ ಅದು. ಆ ಮೈ ಮಣ್ಣಾದ ಮೇಲೂ ಒಡೆದು ಎರಡಾಗುತ್ತ ಮುಂದುವರಿಯುವಂಥದ್ದು. ಕಾಯಿಲೆ ಚರ್ಮದ ಒಂದು ಅಪರೂಪದ ಕ್ಯಾನ್ಸರ್. ನಮ್ಮ ಚರ್ಮದಲ್ಲಿ ಮುಟ್ಟಿದ್ದನ್ನು ಅರಿಯುವ ಸಣ್ಣ ಕೋಶಗಳಿವೆ; ಅವು ಕೆಟ್ಟಾಗ ಹೀಗಾಗುತ್ತದೆಂದು ಆಗ ತಿಳಿದಿದ್ದರು. "ಇದು ಯಾರದು?" ಎಂದು ನನ್ನ ಗೈಡ್ ಆಗಿದ್ದ ಮೇಡಮ್ಮನ್ನು ಕೇಳಿದ್ದೆ. "ಒಬ್ಬ ಮುದುಕಿಯದು. ಆಕೆ ಈಗಿಲ್ಲ," ಎಂದರು. ಫ್ಲಾಸ್ಕಿನ ಮೇಲೆ ಹೆಸರಿರಲಿಲ್ಲ. ಕೆಲವು ಅಕ್ಷರ, ಕೆಲವು ಅಂಕೆ ಇದ್ದವು.

ದ್ರವ ಹಳದಿಗೆ ತಿರುಗಿದರೆ ಕೋಶಗಳಿಗೆ ಹಸಿವಾಗಿದೆ ಎಂದು ಅರ್ಥ. ಆಗ ಫ್ಲಾಸ್ಕನ್ನು ನೆಟ್ಟಗೆ ನಿಲ್ಲಿಸಿ, ಗೊಂಚಲುಗಳು ಕೆಳಗಿಳಿಯುವ ತನಕ ಕಾದು, ಮೇಲಿನ ತಿಳಿಯನ್ನು ಹೀರಿ ತೆಗೆದು ಹೊಸದನ್ನು ಹಾಕಬೇಕು. ಕಾಯುವ ಹೊತ್ತಿನಲ್ಲಿ ನಾನು ಆ ಕಾಯಿಲೆಯ ಬಗ್ಗೆ ಓದುತ್ತಿದ್ದೆ. ನೋವಿಲ್ಲದ ಗಂಟು. ಬೇಗ ಬೆಳೆಯುತ್ತದೆ. ಬಣ್ಣ ಕೆಂಪು, ಅಥವಾ ನೇರಳೆ. ಬಿಸಿಲು ಬೀಳುವ ಜಾಗದಲ್ಲಿ, ಮುಖದ ಮೇಲೆ, ವಯಸ್ಸಾದವರಿಗೆ. ನೋಡಿದವರು ಬೇರೇನೋ ಅಂದುಕೊಳ್ಳುತ್ತಾರೆ. ಓದುತ್ತಿದ್ದ ಪುಟದಲ್ಲಿ ಬೇರೊಬ್ಬ ಮುದುಕಿಯ ಚಿತ್ರವಿತ್ತು. ಇಂಥ ಚಿತ್ರಗಳಲ್ಲಿ ಗುರುತು ಸಿಗದಿರಲೆಂದು ಕಣ್ಣಿನ ಮೇಲೆ ಕಪ್ಪು ಪಟ್ಟಿ ಹಾಕುತ್ತಾರೆ. ಇಲ್ಲಿ ಗಂಟು ಹುಬ್ಬಿನ ಪಕ್ಕದಲ್ಲೇ ಇದ್ದುದರಿಂದ ಪಟ್ಟಿ ಹಾಕಿರಲಿಲ್ಲ. ಮುದುಕಿ ನೇರವಾಗಿ ನನ್ನನ್ನೇ ನೋಡುತ್ತಿದ್ದಳು.

ಆ ಡಿಸೆಂಬರಿನಲ್ಲಿ ರಜೆಗೆಂದು ಊರಿಗೆ ಹೊರಟೆ. ಮಿರಜಿನ ತನಕ ರೈಲು, ಅಲ್ಲಿಂದ ಕಾಗವಾಡದ ಬಸ್ಸು. ಅಥಣಿಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಹಳ್ಳಿ. ಮನೆಯಲ್ಲಿ ಅಪ್ಪ, ಅವ್ವ, ಮತ್ತು ಅಪ್ಪನ ತಾಯಿ, ನಮ್ಮ ಆಯಿ. ದೂರದಿಂದ ಬಂದವರನ್ನು ಆಯಿ ಹಾಗೇ ಒಳಗೆ ಬಿಡುತ್ತಿರಲಿಲ್ಲ. ರೊಟ್ಟಿಯ ತುಂಡು, ತಂಬಿಗೆಯ ನೀರು ಮುಖದ ಸುತ್ತ ಇಳಿಸಿ ಹೊರಗೆ ಚೆಲ್ಲಿದ ಮೇಲೆಯೇ ಹೊಸ್ತಿಲು ದಾಟಬೇಕು. ಅಂದೂ ಹಾಗೆಯೇ ನಿಲ್ಲಿಸಿದಳು. ಅವಳ ಕೈ ನನ್ನ ಮುಖದ ಸುತ್ತ ತಿರುಗುತ್ತಿತ್ತು. ಅವಳ ಮುಖ ನನ್ನ ಮುಖಕ್ಕೆ ಹತ್ತಿರವಿತ್ತು. ಎಡ ಹುಬ್ಬಿನ ಮೇಲೆ ನೇರಳೆ ಬಣ್ಣದ, ನುಣುಪಾದ, ಹಣ್ಣಾದ ಕರಿದ್ರಾಕ್ಷಿಯಂಥ ಗಂಟು. ಅದರ ಬುಡಕ್ಕೆ ಕಪ್ಪು ದಾರದಂಥ ಏನನ್ನೋ ಬಿಗಿಯಾಗಿ ಸುತ್ತಿ ಕಟ್ಟಿತ್ತು.

"ಏನ ಆಯಿ ಇದು?"

ಅವಳು ತಂಬಿಗೆಯ ನೀರನ್ನು ಚೆಲ್ಲಿ ಒಳಗೆ ಹೋದಳು. 

ಅಡುಗೆಮನೆಯಲ್ಲಿ ಅವ್ವ ಪಿಸುದನಿಯಲ್ಲಿ ಹೇಳಿದಳು. "ನರೂಲಿ ಅದು. ಕುದರಿ ಬಾಲದ ಕೂದಲಾ ಕಟ್ಟ್ಯಾರ. ಅದರ ಮಾತ ತಗೀಬ್ಯಾಡ."

"ಎಂದಿನಿಂದ ಐತಿ?"

"ದಸರಾದಾಗ ಹೆಸರಕಾಳಿನಷ್ಟ ಇತ್ತ. ಸುಮ್ಕಿರ ಅಂದ್ನೆಲ್ಲಾ."

ನಮ್ಮ ಕಡೆ ಇದು ಹಳೆಯ ಪದ್ಧತಿ. ನರೂಲಿ ಎದ್ದರೆ ಕುದುರೆಯ ಬಾಲದ ಕೂದಲನ್ನು ಬುಡಕ್ಕೆ ಬಿಗಿದು ಕಟ್ಟುತ್ತಾರೆ. ಅದು ಒಣಗಿ ತಾನೇ ಉದುರುತ್ತದೆ. ಕೂದಲನ್ನು ಕುದುರೆಯ ಮಾಲೀಕನಿಗೆ ಕೇಳಿ ತರಬಾರದು, ತಿಳಿಯದ ಹಾಗೆ ಕೀಳಬೇಕು. ಕಟ್ಟಿದ ಮೇಲೆ ಉದುರುವ ತನಕ ಅದರ ಸುದ್ದಿಯನ್ನು ಯಾರೂ ಬಾಯಲ್ಲಿ ಆಡಬಾರದು. ಆಡಿದರೆ ಅದು ಕೇಳಿಸಿಕೊಂಡು ಬೇರು ಬಿಡುತ್ತದಂತೆ. ಚಿಕ್ಕವಳಿದ್ದಾಗ ನನ್ನ ಮೊಣಕೈಗೂ ಕಟ್ಟಿದ್ದರು. ಉದುರಿತ್ತು ಕೂಡ.

ಹೀಗಾಗಿ ಮನೆಯಲ್ಲಿ ಎಲ್ಲರೂ ಆಯಿಯ ಮುಖ ನೋಡದೆ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದರು. ಅಪ್ಪ ಅವಳ ಕಾಲು ನೋಡುತ್ತ ತೋಟದ ಸುದ್ದಿ ಹೇಳುತ್ತಿದ್ದ. ಅವ್ವ ತಲೆ ತಗ್ಗಿಸಿ ಊಟಕ್ಕೆ ಬಡಿಸುತ್ತಿದ್ದಳು. ಸುಮ್ಮನಿರುವುದು ನನಗೆ ಹುಟ್ಟಿನಿಂದ ಬಂದದ್ದು. ಆ ಮನೆಯಲ್ಲಿ ಅದಕ್ಕೆ ಯಾವ ತ್ರಾಸೂ ಇರಲಿಲ್ಲ. ಆದರೆ ಊಟಕ್ಕೆ ಕೂತಾಗ ಕಣ್ಣು ಅವಳ ಹುಬ್ಬಿನ ಕಡೆಗೇ ಹೋಗುತ್ತಿತ್ತು. ನಾನು ಡಾಕ್ಟರ್ ಅಲ್ಲ. ಇದು ಅದೇ ಎಂದು ಹೇಳಲು ನನಗೆ ಅಧಿಕಾರವಿಲ್ಲ. ಅಷ್ಟು ಅಪರೂಪದ ಕಾಯಿಲೆ, ನಾನು ಅದರ ಮೇಲೆ ಕೆಲಸ ಮಾಡುತ್ತೇನೆಂದು ನಮ್ಮ ಮನೆಯನ್ನೇ ಹುಡುಕಿಕೊಂಡು ಬರುತ್ತದೆಯೇ? ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಮತ್ತೆ ಆಯಿ ತಲೆ ಎತ್ತಿದಾಗ ಪುಸ್ತಕದ ಆ ಮುದುಕಿ ನೋಡಿದಂತೆಯೇ ನೋಡುತ್ತಿದ್ದಳು.

ಇದಕ್ಕಿಂತ ಕೆಟ್ಟ ಹೆದರಿಕೆ ಇನ್ನೊಂದಿತ್ತು. ಗಣೇಶ ಚೌತಿಗೆ ಬಂದಾಗ ಇದೇ ಕೈಯಿಂದ ಆಯಿಯ ತಲೆಗೆ, ಹಣೆಗೆ ಎಣ್ಣೆ ಹಚ್ಚಿದ್ದೆ. ಅಷ್ಟರಲ್ಲಿ ಫ್ಲಾಸ್ಕಿನ ಕೆಲಸ ಸುರುವಾಗಿತ್ತು. ದಸರೆಗೆ ಹೆಸರುಕಾಳು ಎದ್ದಿದೆ. ಒಬ್ಬರ ಕೋಶ ಇನ್ನೊಬ್ಬರ ಮೈಯಲ್ಲಿ ಬೇರೂರುವುದಿಲ್ಲ, ಮೈ ಅದನ್ನು ಹೊರಗಿನದೆಂದು ಗುರುತಿಸಿ ಕೊಲ್ಲುತ್ತದೆ. ಇದು ನನಗೆ ಪಾಠದಂತೆ ಗೊತ್ತಿತ್ತು. ಕೈಗವಸು ಹಾಕಿಕೊಂಡೇ ಕೆಲಸ ಮಾಡುತ್ತಿದ್ದೆ ಎಂಬುದೂ ಗೊತ್ತಿತ್ತು. ಆದರೂ ಬಚ್ಚಲಿಗೆ ಹೋಗಿ ಉಗುರುಸಂದಿಯವರೆಗೆ ಕೈ ತಿಕ್ಕಿ ತೊಳೆಯುತ್ತಿದ್ದೆ. "ಪುಣೆಕ್ಕ ಹೋಗಿ ಭಾಳ ಮಡಿವಂತಿ ಆಗ್ಯಾಳ," ಎಂದು ಅವ್ವ ನಕ್ಕಳು.

ಆ ಕಾಯಿಲೆ ಮುಖದಿಂದ ಮುಂದೆ ಹೋಗುವುದು ಕಿವಿಯ ಮುಂದಿನ, ಕುತ್ತಿಗೆಯ ಗ್ರಂಥಿಗಳಿಗೆ. ಅಲ್ಲಿಗೆ ಹೋಗಿದೆಯೋ ಎಂದು ಕೈಯಿಂದ ಮುಟ್ಟಿಯೇ ನೋಡಬೇಕು. ಒಂದು ಮುಂಜಾನೆ ಬಾಚಣಿಗೆ ಹಿಡಿದು ಆಯಿಯ ಹಿಂದೆ ಕೂತೆ. ಹಿತ್ತಲಿನ ಬಿಸಿಲಿಗೆ ಅವಳು ಕಾಲು ಚಾಚಿ ಕೂತಿದ್ದಳು. ಹೇನು ನೋಡುವ ನೆಪದಲ್ಲಿ ಕಿವಿಯ ಹಿಂದೆ ಮುಂದೆ, ದವಡೆಯ ಕೆಳಗೆ, ಕುತ್ತಿಗೆಯ ಪಕ್ಕಕ್ಕೆ ಬೆರಳಾಡಿಸುತ್ತ ಹೋದೆ. ಎಡಗಡೆ ಕಾಳಿನಷ್ಟು ಏನೋ ಸಿಕ್ಕಂತಾಯಿತು. ಮತ್ತೆ ಹುಡುಕಿದೆ. ಸಿಗಲಿಲ್ಲ.

"ಏನ ಹುಡಕಾಕತ್ತಿ ಅಷ್ಟ?"

"ಹೇನ, ಆಯಿ."

"ಕುತಗಿಯಾಗ ಹೇನ ಎಲ್ಲಿಂದ ಬಂದ್ವು? ನಿನ್ನ ಪುಣೆದ ಹೇನ ಇರಬೇಕ. ರೈಲ ಹತ್ತಿ ಬಂದಾವು."

ನಾನು ನಕ್ಕೆ. ನನ್ನ ಬೆರಳು ತಣ್ಣಗಾಗಿದ್ದವು. ಅವಳಿಗೆ ಗೊತ್ತಾಗಿರಬೇಕು. ನನ್ನ ಕೈಯನ್ನು ಎಳೆದು ತನ್ನೆರಡು ಕೈಗಳ ನಡುವೆ ಇಟ್ಟುಕೊಂಡು ತಿಕ್ಕಿದಳು. 

ಮರುದಿನ ಅವಳೊಡನೆ ತೋಟಕ್ಕೆ ಹೋದೆ. ಪಡಕದ ಕೆಳಗೆ ಎಳೆ ಗೊಂಚಲು ಇಳಿಬಿದ್ದಿದ್ದವು. ಕಾಯಿ ಇನ್ನೂ ಜೋಳದ ಕಾಳಿನಷ್ಟು. ಈ ಹೊತ್ತಿಗೆ ಬಳ್ಳಿಯ ಕಾಂಡದ ಸುತ್ತ ಉಂಗುರದ ಅಗಲಕ್ಕೆ ಸಿಪ್ಪೆ ಬಿಡಿಸುವುದನ್ನು ಅಪ್ಪ ತಾಸಗಾಂವದ ಕಡೆಯ ರೈತರಿಂದ ಕಲಿತು ಬಂದಿದ್ದ. ಮೊದಲ ವರ್ಷ ಆಯಿ, "ಬಳ್ಳಿಗಿ ಉರುಲ ಹಾಕ್ತೀಯೇನೋ, ಮೂಳ?" ಎಂದು ಜಗಳ ತೆಗೆದಿದ್ದಳಂತೆ. ಸುಗ್ಗಿಯಲ್ಲಿ ಕಾಯಿಯ ಗಾತ್ರ ನೋಡಿ ಸುಮ್ಮನಾಗಿದ್ದಳು. ಈಗ ಸಿಪ್ಪೆ ಬಿಡಿಸಿದ ಬಳ್ಳಿಗಳನ್ನು ದಿನಾ ಒಂದು ಸುತ್ತು ನೋಡಿ ಬರುವುದು ಅವಳದೇ ಕೆಲಸ.

ಬದುವಿನ ಮೇಲೆ ಕೂತಾಗ ಅವಳೇ ಕೇಳಿದಳು. "ಪುಣೆದಾಗ ದಿನಾ ಏನ ಮಾಡ್ತಿ ನೀ? ನಿಮ್ಮಪ್ಪನ ಕೇಳಿದ್ರ ಸೈನ್ಸ ಅಂತಾನ. ಅದೇನ ಉಣ್ಣೂದೋ ಉಡೂದೋ?"

ಹೇಳಿದೆ. ಬಾಟಲಿಯೊಳಗೆ ಒಬ್ಬ ಮುದುಕಿಯ ಮೈಯ ಚೂರು ಬೆಳೆಯುತ್ತಿದೆ, ಅದನ್ನು ನೋಡಿಕೊಳ್ಳುತ್ತೇನೆ ಎಂದೆ.

"ಜೀವ ಐತಿ ಅದಕ?"

"ಐತಿ."

"ಆ ಮುದುಕಿ?"

"ಸತ್ತ ಭಾಳ ದಿನ ಆತು."

ಆಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಮತ್ತ ಆಕಿ ದಿನಾ, ತಿಥಿ ಮಾಡ್ಯಾರೋ ಇಲ್ಲೋ? ಅರ್ಧಾ ಇಲ್ಲೇ ಇಟಗೊಂಡ ದಿನಾ ಹ್ಯಾಂಗ ಮಾಡ್ತಾರ?"

"ಗೊತ್ತಿಲ್ಲ ಆಯಿ."

"ಏನ ಉಣ್ಣಸ್ತಿ ಆಕಿಗಿ?"

"ಸಕ್ಕರಿ. ಉಪ್ಪ." ನಾನು ತಡೆದೆ. ಅವಳು ಕಾಯುತ್ತಿದ್ದಳು. "ಕರುವಿನ ರಕ್ತದ ತಿಳಿ."

ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಎಮ್ಮೆ ಈದರೆ ಆಯಿ ಕೊಟ್ಟಿಗೆಯಲ್ಲೇ ಮಲಗುತ್ತಾಳೆ. ಬೈಯುತ್ತಾಳೆ ಎಂದುಕೊಂಡೆ. ಅವಳು ದೂರಕ್ಕೆ ನೋಡುತ್ತ ಮೆಲ್ಲಗೆ ಕೇಳಿದಳು.

"ಯಾರ ಮನಿ ಕರಾ?"

"ಪರದೇಶದ್ದು. ನಮ್ಮಲ್ಲಿದಲ್ಲ."

"ಅಲ್ಲೂ ಆಕಳ ಇರತಾವಲ್ಲ, ನಮ್ಮವ್ವ."

 ಮಾತು ಅಷ್ಟು ದೂರ ಬಂದಿತ್ತು, ಇನ್ನು ನಿಲ್ಲಿಸಿದರೆ ಮತ್ತೆ ಸುರು ಮಾಡಲು ನನ್ನಿಂದ ಆಗುವುದಿಲ್ಲವೆಂದು ಗೊತ್ತಿತ್ತು. ಎದುರಿನ ಬಳ್ಳಿಯ ಕಾಂಡ ತೋರಿಸಿದೆ. ಸಿಪ್ಪೆ ಬಿಡಿಸಿದಲ್ಲಿ ಬಿಳಿಯ ಉಂಗುರ ಕಾಣುತ್ತಿತ್ತು.

"ಆಯಿ, ಹಿಂಗ ಸುತ್ತ ಯಾಕ ಮಾಡ್ತಾರ?"

"ಅಷ್ಟೂ ಗೊತ್ತಿಲ್ಲ ನಿನಗ? ಮ್ಯಾಲಿನ ರಸಾ ಕೆಳಗ ಇಳ್ಯಾಕ ಆಗಬಾರದ. ಅಲ್ಲೇ ನಿಂತ ಕಾಯಿ ದಪ್ಪ..."

ಅವಳ ಕೈ ತಾನಾಗಿ ಹುಬ್ಬಿನ ಹತ್ತಿರ ಹೋಯಿತು. ಮುಟ್ಟಲಿಲ್ಲ. ಗಾಳಿಯಲ್ಲೇ ನಿಂತಿತು.

ಹೋಲಿಕೆ ಪೂರ್ತಿ ಸರಿಯಲ್ಲ, ಬಳ್ಳಿಯ ಲೆಕ್ಕ ಬೇರೆ, ಮೈಯ ಲೆಕ್ಕ ಬೇರೆ. ತಿದ್ದಲಿಲ್ಲ.

"ಕಟ್ಟಿದ್ ಮ್ಯಾಲ ದೊಡ್ಡದ ಆಗೇತಿ," ಎಂದಳು. ಆ ಗಂಟಿನ ಬಗ್ಗೆ ಅವಳು ಬಾಯಿಬಿಟ್ಟು ಆಡಿದ ಮೊದಲ ಮಾತು ಅದು. ಆಮೇಲೆ ನನ್ನ ಕಡೆ ತಿರುಗಿದಳು. "ನಿನ್ನ ಬಾಟ್ಲ್ಯಾಗ ಇರೂದೂ ಇಂಥಾದ್ದ ಏನ?"

"ನನಗ ಗೊತ್ತಿಲ್ಲ ಆಯಿ. ಇರಾಕಿಲ್ಲ. ಇದ್ರೂ ಇರಬಹುದು. ಅದಕ್ಕ ಹೆದರೇನಿ."

"ನೋಡಿದ ದಿನಾನ ಹೆದರೀಯಲ್ಲ ನೀ. ನೀರ ಇಳಸಬೇಕಾದ್ರ ನೋಡೇನಿ." ಎದ್ದು ಸೀರೆ ಜಾಡಿಸಿದಳು. "ಅಷ್ಟ ದಿನಾ ಸುಮ್ನ ಕುಂತಿ. ಥೇಟ ನಿಮ್ಮಜ್ಜ."

ಮನೆಗೆ ಬಂದು ಅಪ್ಪನಿಗೆ ಹೇಳಿದಳು. "ನಾಳಿ ಮಿರಜಿಗಿ ಹೋಗೂಣು. ಇದನ್ನ ತಗಸೂದೈತಿ."

ಅಪ್ಪ ಬೆಚ್ಚಿದ. "ಯವ್ವಾ, ಅದರ ಮಾತ ಆಡಬ್ಯಾಡ! ಕೂದಲಾ ಇನ್ನೂ ಉದರಿಲ್ಲ."

"ಉದರೂದ ಅದಲ್ಲೋ, ನಾ ಉದರತೇನಿ. ಬಾಲದ ಕೂದಲಾ ಕಿತ್ತದ್ದಕ್ಕ ಟಾಂಗಾದವ ಚಾಬೂಕ ತಗೊಂಡ ಬೆನ್ನ ಹತ್ತಿದ್ನಂತಲ್ಲ ನಿನಗ, ಆ ಹೊಡತ ಸುಮ್ನ ಹೋತ ನೋಡ."

ಅವ್ವ ದೇವರ ಮುಂದೆ ಹೋಗಿ ಚಿಂಚಲಿ ಮಾಯಕ್ಕನಿಗೆ ಹರಕೆ ಕಟ್ಟಿಕೊಂಡಳು. ಅವಳು ಅಳುತ್ತಿದ್ದುದು ಬೆನ್ನಿನಿಂದಲೇ ತಿಳಿಯುತ್ತಿತ್ತು.

ಮಿರಜಿನ ಡಾಕ್ಟರ್ ವಯಸ್ಸಾದವರು, ಮರಾಠಿಯವರು. ಆಯಿಯ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, "ಆಜಿ, ಇದನ್ನು ಕಟ್ಟಿದವರು ಯಾರು?" ಎಂದು ಮರಾಠಿಯಲ್ಲಿ ಕೇಳಿದರು. ಆಯಿ ಕನ್ನಡದಲ್ಲೇ, "ಕಟ್ಟಿದಾಕಿ ನಾನ ರಿ. ಕದ್ದ ತಂದಾಂವ ಅಲ್ಲಿ ನಿಂತಾನ ನೋಡ್ರಿ," ಎಂದು ಅಪ್ಪನನ್ನು ತೋರಿಸಿದಳು. ಅವರು ನಗುತ್ತಲೇ ಚಿಮಟದಿಂದ ಕೂದಲನ್ನು ಎತ್ತಿ ಕತ್ತರಿಸಿದರು. ಗಂಟನ್ನು ಒತ್ತಿ ನೋಡಿದ ಮೇಲೆ ನಗಲಿಲ್ಲ. ನಾನು ಆ ಕಾಯಿಲೆಯ ಹೆಸರನ್ನು ಇಂಗ್ಲಿಷಿನಲ್ಲಿ, ಅವರಿಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ ಹೇಳಿದೆ. ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಅಷ್ಟು ಅಪರೂಪದ್ದು ಇರಲಾರದು ಎಂದರು. ಆದರೂ ಸುತ್ತಲಿನ ಚರ್ಮವನ್ನು ಸೇರಿಸಿ ಅಗಲವಾಗಿ ತೆಗೆಯುತ್ತೇನೆ ಎಂದರು.

ತೆಗೆದದ್ದನ್ನು ಸಣ್ಣ ಬಾಟಲಿಯಲ್ಲಿ ಪರೀಕ್ಷೆಗೆ ಕಳಿಸುವ ಮೊದಲು ಆಯಿ ನೋಡಬೇಕೆಂದು ಹಟ ಹಿಡಿದಳು. ಹುಬ್ಬಿನ ಮೇಲೆ ದಪ್ಪ ಪಟ್ಟಿ, ಒಂದೇ ಕಣ್ಣು. ಬಾಟಲಿಯನ್ನು ಕಿಟಕಿಗೆ ಹಿಡಿದು ನೋಡಿದಳು.

"ಇದೂ ಬೆಳಿತೈತಿ ಏನ ಒಳಗ?"

"ಇಲ್ಲ ಆಯಿ. ಈ ನೀರಿನಾಗ ಹಾಕಿದ್ರ ಯಾವ ಕೋಶಾನೂ ಬದಕೂದಿಲ್ಲ."

"ಖರೇನ?"

"ಖರೇನ ಆಯಿ."

"ಹಂಗಾದ್ರ ಛಲೋ ಆತು," ಎಂದು ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು.

ಪುಣೆಗೆ ಮರಳಿದಾಗ ಇನ್‌ಕ್ಯುಬೇಟರಿನ ಬಾಗಿಲು ತೆಗೆಯಲು ಕೈ ಬರಲಿಲ್ಲ. ಫ್ಲಾಸ್ಕ್ ಹಳದಿಯಾಗಿತ್ತು. ನೆಟ್ಟಗೆ ನಿಲ್ಲಿಸಿ ಕಾದೆ. ಗೊಂಚಲುಗಳು ಒಂದೊಂದಾಗಿ ಕೆಳಗಿಳಿಯುವುದು ಬರಿಗಣ್ಣಿಗೇ ಕಾಣುತ್ತಿತ್ತು, ನೀರಲ್ಲಿ ನೆನೆದ ರವೆಯ ಹಾಗೆ. ಆ ದಿನಗಳಲ್ಲಿ ನನಗೆ ಅವುಗಳ ಮೇಲೆ ದ್ವೇಷ ಹುಟ್ಟಬೇಕಿತ್ತೇನೋ. ಹುಟ್ಟಲಿಲ್ಲ, ಹೆದರಿಕೆ ಮಾತ್ರ ಇತ್ತು. ಇವು ಯಾವ ಔಷಧಕ್ಕೆ ಸಾಯುತ್ತವೆ ಎಂದು ಹುಡುಕುವುದು ನಮ್ಮ ಕೆಲಸ. ಹುಡುಕಬೇಕೆಂದರೆ ಮೊದಲು ಅವನ್ನು ಬದುಕಿಸಿಕೊಳ್ಳಬೇಕು. ಹಾಕುವ ಔಷಧಗಳಿಗೆ ಕೆಲವು ಸಾಯುತ್ತಿದ್ದವು, ಕೆಲವು ಉಳಿದು ಮತ್ತೆ ಗೊಂಚಲು ಕಟ್ಟುತ್ತಿದ್ದವು. ಉಳಿದವುಗಳನ್ನು ನೋಡುವಾಗ ನಾನು ಆಯಿಯ ಕುತ್ತಿಗೆಯ ಎಡಪಕ್ಕವನ್ನು ನೆನೆಯುತ್ತಿದ್ದೆ.

ದ್ರಾಕ್ಷಿ ಸುಗ್ಗಿಗೆ ಊರಿಗೆ ಹೋಗುವಾಗ ಮಿರಜಿನಲ್ಲಿ ಇಳಿದು ಡಾಕ್ಟರನ್ನು ಕಂಡೆ. ಅವರು ನಿಂತುಕೊಂಡೇ ಹೇಳಿದರು: ನೀವು ಹೇಳಿದ್ದೇ ಸರಿ. ಅಂಚಿನಲ್ಲೇನೂ ಉಳಿದಿಲ್ಲ. ಆದರೆ ಇದು ತಿರುಗಿ ಬರುವ ಜಾತಿ. ಕಿವಿಯ ಮುಂದೆ, ಕುತ್ತಿಗೆಯಲ್ಲಿ ಆಗಾಗ ಕೈಯಾಡಿಸಿ ನೋಡುತ್ತಿರಿ, ಏನಾದರೂ ಸಿಕ್ಕಿದರೆ ಅದೇ ದಿನ ಕರೆತನ್ನಿ.

ನನ್ನ ಊಹೆ ನಿಜವಾದದ್ದಕ್ಕೆ ಅವರ ದನಿಯಲ್ಲಿ ಸ್ವಲ್ಪ ಮೆಚ್ಚುಗೆ ಇತ್ತು. ಹೊರಗೆ ಬಂದು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತೆ. ಕಾಗವಾಡದ ಬಸ್ಸು ಬಂತು, ಹೋಯಿತು. ಮುಂದಿನ ಬಸ್ಸಿಗೆ ಎದ್ದೆ.

ಅದಾದ ಮೇಲೆ ನಾನು ಬಂದಾಗಲೆಲ್ಲ ಆಯಿ ಹಿತ್ತಲಿನಲ್ಲಿ ಬಿಸಿಲಿಗೆ ಕೂತು ಬಾಚಣಿಗೆಯನ್ನು ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದಳು. ಕರೆಯುತ್ತಿರಲಿಲ್ಲ. ನಾನು ಹೋಗಿ ಹಿಂದೆ ಕೂತರೆ ಕುತ್ತಿಗೆಯನ್ನು ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ ಬಾಗಿಸುತ್ತಿದ್ದಳು. "ಹೇನ ಸಿಕ್ತೇನ?" ಎನ್ನುವಳು. "ಇಲ್ಲ ಆಯಿ" ಎಂದರೆ, "ಪುಣೆದಾಕಿ ಹ್ಯಾಂಗ ಅದಾಳ?" ಎಂದು ಕೇಳುವಳು. ಬಾಟಲಿಯ ಮುದುಕಿಗೆ ಅವಳಿಟ್ಟ ಹೆಸರು ಅದು. "ಅದಾಳ," ಎನ್ನುತ್ತಿದ್ದೆ.

ಮೂರು ಸುಗ್ಗಿ ಹೀಗೇ ಹೋದವು.

ಮೂರನೆಯ ಸುಗ್ಗಿಯ ನಂತರದ ಮಹಾನವಮಿ ಅಮಾವಾಸ್ಯೆಗೆ ನಾನು ಊರಲ್ಲಿದ್ದೆ. ಅಂದು ನಮ್ಮಲ್ಲಿ ತೀರಿಹೋದ ಹಿರಿಯರಿಗೆ ಎಡೆ ಇಡುತ್ತಾರೆ. ಅಜ್ಜ, ಮುತ್ತಜ್ಜ, ಮುತ್ತಜ್ಜಿ ಎಂದು ಸಾಲಾಗಿ ಎಲೆ ಹಾಕಿ ಹೋಳಿಗೆ, ಅನ್ನ, ಹಾಲು ಬಡಿಸಿದ್ದರು. ಸಾಲಿನಿಂದ ತುಸು ದೂರಕ್ಕೆ ಆಯಿ ಇನ್ನೊಂದು ಎಲೆ ಹಾಕಿದಳು.

"ಇದ ಯಾರಿಗಬೇ?" ಎಂದ ಅಪ್ಪ.

"ಪುಣೆದಾಕಿಗಿ."

"ಆಕಿ ಯಾರ? ನಮ್ಮ ಪೈಕಿಯಾಕ್ಯೇನ?"

"ಹೌದು. ನಿನ್ನ ಮಗಳನ್ನ ಕೇಳ."

ಅವ್ವ ಹಾಲಿನ ಗಿಂಡಿ ಹಿಡಿದು ಆ ಎಲೆಯ ಕಡೆ ಬಾಗಿದಳು. ಆಯಿ ಕೈ ಅಡ್ಡ ಹಿಡಿದಳು. "ಆಕಿಗಿ ಹಾಲ ಬ್ಯಾಡ. ಕರುವಿಂದು ಭಾಳ ಉಂಡಾಳ."

ಅಪ್ಪ ನನ್ನನ್ನು ನೋಡಿದ. ನಾನು ಎಲೆ ನೋಡಿದೆ.

ಊಟವಾದ ಮೇಲೆ ಆಯಿ ಎಂದಿನಂತೆ ಹಿತ್ತಲಿಗೆ ಹೋಗಿ ಕೂತಳು. ಬಲಗಡೆ ಏನೂ ಇರಲಿಲ್ಲ. ಎಡಗಡೆ, ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ಬೆರಳು ನಿಂತಿತು. ಸರಿಸಿ ಮತ್ತೆ ತಂದೆ. ಈ ಸಲ ಅದು ಜಾರಿಹೋಗಲಿಲ್ಲ. ಗಟ್ಟಿಯಾಗಿ, ನೋವಿಲ್ಲದೆ, ಬಟಾಣಿ ಕಾಳಿನಷ್ಟು, ಬೆರಳಿನ ಕೆಳಗೇ ಇತ್ತು.

ಆಯಿ ಕುತ್ತಿಗೆ ಬಾಗಿಸಿಕೊಂಡೇ ಇದ್ದಳು. ಬಹಳ ಹೊತ್ತಾಗಿರಬೇಕು.

"ಹೇನ ಸಿಕ್ತೇನ?"

ಹೇನು ಎಂದೇ ಹೇಳಬಹುದಿತ್ತು.  ಅವಳ ಕಿವಿಯ ಹತ್ತಿರ ಬಾಗಿ ಹೇಳಿದೆ. "ಹೇನ ಅಲ್ಲ ಆಯಿ. ನಾಳಿ ಮಿರಜಿಗಿ ಹೋಗೂಣು."

ಅವಳು ತಿರುಗಲಿಲ್ಲ. ಕೈ ಹಿಂದಕ್ಕೆ ಚಾಚಿ ನನ್ನ ಬೆರಳುಗಳನ್ನು ಹುಡುಕಿ ಹಿಡಿದುಕೊಂಡಳು. ಈ ಸಲ ತಣ್ಣಗಿದ್ದುದು ಅವಳ ಕೈ. ನಾನು ತಿಕ್ಕತೊಡಗಿದೆ.

"ಇವತ್ತಿನ ಹೋಳಗಿ ನಾಕ ಕಟಗೋ," ಎಂದಳು. "ಹ್ವಾದ ಸಲ ಅಲ್ಲಿ ಕುಂತ ಕುಂತ ಭಾಳ ಹಸದಿತ್ತ."